ಹೋಗದ ಮದುವೆಯ ಫೋಟೋ

ಚನ್ನಬಸವ್ವ ತನ್ನ ತಮ್ಮನ ಮಗಳ ಮದುವೆಗೆ ಹೋಗಿರಲಿಲ್ಲ. ಹುಣಸಿಹಾಳದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮದುವೆಯ ದಿನ ಆಕೆ ಬೆಳಗಿನಿಂದ ಸಂಜೆಯವರೆಗೆ ಗಂಡನ ಹಿಟ್ಟಿನ ಗಿರಣಿಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ದಿನಾ ಒಳಗೆ ಕೂಡುವವಳು ಅಂದು ಹೊರಗೆ ಕುಳಿತದ್ದು, ತಾನು ಹೋಗಿಲ್ಲವೆಂಬುದು ಬಸ್ಸಿನಲ್ಲಿ ಹೋಗುವವರಿಗೂ ಕಾಣಲಿ ಎಂದು.

ಮದುವೆ ಮುಗಿದು ವಾರವಾಗಿತ್ತು. ಜೋಳ ಬೀಸಿಸಲು ಬಂದ ಕಲ್ಲವ್ವ ಬುಟ್ಟಿ ಇಳಿಸಿದವಳೇ ಫೋನನ್ನು ಚನ್ನಬಸವ್ವನ ಮುಖದ ಮುಂದೆ ಹಿಡಿದಳು.

"ಹೋಗಿಲ್ಲ ಹೋಗಿಲ್ಲ ಅಂತ ಊರಾಗೆಲ್ಲ ಹೇಳಿದಿ. ಇಲ್ಲಿ ನಿಂತಾಕಿ ಯಾರ ಹಂಗಾರ? ನಿನ್ನ ಜೋಡಿ ಹುಟ್ಟಿದಾಕಿ ಏನ?"

ಚನ್ನಬಸವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು. ಮದುಮಗಳು ಸಿಂಚನಾ, ಮದುಮಗ, ಆ ಕಡೆ ಈ ಕಡೆ ಬೀಗರು. ಮದುಮಗಳ ಬಲಕ್ಕೆ, ಆ ಮನೆತನದಲ್ಲಿ ಸೋದರತ್ತೆ ಆರತಿ ತಟ್ಟೆ ಹಿಡಿದು ನಿಲ್ಲುವ ಜಾಗದಲ್ಲಿ, ಗಿಳಿಹಸಿರು ಇಳಕಲ್ ಸೀರೆಯುಟ್ಟು, ಬಾಯ್ತುಂಬ ಹಲ್ಲು ಬಿಟ್ಟು ನಗುತ್ತ ನಿಂತವಳು ಸಾಕ್ಷಾತ್ ಚನ್ನಬಸವ್ವ.

"ಇಂಥಾ ಸೀರಿ ನನ್ನ ಹತ್ರ ಇಲ್ಲ," ಎಂಬುದೇ ಆಕೆಯ ಬಾಯಿಂದ ಹೊರಟ ಮೊದಲ ಮಾತು.

"ಸೀರಿ ಸುಡ್ಲಿ. ನಾನೂ ಅಲ್ಲೇ ಇದ್ದೆ. ಗದ್ದಲದಾಗ ನೀ ನನ್ನ ಕಣ್ಣಿಗೆ ಬಿದ್ದಿಲ್ಲ, ಅಷ್ಟ. ಬಂದಿದ್ರ ಬಂದಿದ್ದೆ ಅನ್ನು. ಅದರಾಗೇನೈತಿ?"

"ಅದರಾಗ ಎಲ್ಲಾ ಐತಿ!" ಎಂದು ಚನ್ನಬಸವ್ವ ಕೂಗಿದ್ದು ಗಿರಣಿಯ ಸದ್ದನ್ನೂ ಮೀರಿ ಕೇಳಿಸಿತು.

ಅದರಲ್ಲಿ ಏನಿತ್ತೆಂದರೆ, ನೀರಲಕಟ್ಟಿಯಲ್ಲಿದ್ದ ಆಕೆಯ ತಮ್ಮ ವಿರೂಪಾಕ್ಷಪ್ಪ ಮದುವೆ ಹೇಳಲು ಆಕೆಯ ಮನೆಗೆ ಬಂದಿರಲಿಲ್ಲ. ಆ ಕಡೆಯ ರೂಢಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಡಿ ಬರಬೇಕು. ಹೊಸ್ತಿಲು ದಾಟಿ, ಚಾಪೆಯ ಮೇಲೆ ಕುಳಿತು, ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಷತೆ ಕೊಟ್ಟು, ಕುಬುಸದ ಖಣ ಇಟ್ಟು "ನೀವು ಮುಂದ ನಿಂತು ಮಾಡಿಸ್ಕೊಡ್ರಿ" ಎನ್ನಬೇಕು. ವಿರೂಪಾಕ್ಷಪ್ಪ ದೂರದ ಬೀಗರಿಗೆಲ್ಲ ಹಾಗೆಯೇ ಹೇಳಿ ಬಂದ. ಅಕ್ಕ ಮನೆಯವಳೇ, ಆಕೆಯನ್ನೇನು ಕರೆಯುವುದು ಎಂದು ಆಕೆಗೆ ಫೋನಿನಲ್ಲಿ ಕಾರ್ಡು ಕಳಿಸಿದ. ಕಾರ್ಡು ಚೆನ್ನಾಗಿಯೇ ಇತ್ತು. ಬೆರಳು ಮುಟ್ಟಿಸಿದರೆ ಓಲಗ ಕೇಳಿಸುತ್ತಿತ್ತು, ಮೇಲಿಂದ ಹಳದಿ ಅಕ್ಕಿಕಾಳು ಉದುರಿ ಪರದೆಯ ತಳಕ್ಕೆ ಹೋಗಿ ಮಾಯವಾಗುತ್ತಿದ್ದವು. ಚನ್ನಬಸವ್ವ ಬೆರಳು ಮುಟ್ಟಿಸಿ ಮುಟ್ಟಿಸಿ ನೋಡಿದಳು. ಒಂದು ಕಾಳೂ ಕೈಗೆ ಸಿಗಲಿಲ್ಲ.

ಆಕೆ ಜಗಳ ಮಾಡಲಿಲ್ಲ, ಯಾರ ಮುಂದೂ ಅಳಲಿಲ್ಲ. ಸುಮ್ಮನೆ ಹೋಗದೆ ಉಳಿದಳು. ಆರತಿ ಹಿಡಿಯುವ ಹೊತ್ತಿಗೆ ಅಕ್ಕನ ಜಾಗ ಖಾಲಿ ಕಂಡಾಗ ತಮ್ಮನಿಗೆ ತಾನು ಮಾಡಿದ್ದು ತಿಳಿಯುತ್ತದೆ ಎಂದು ನಂಬಿದ್ದಳು. ಹೋಗದಿರುವುದೊಂದೇ ಆಕೆ ತಮ್ಮನಿಗೆ ಆಡಿದ್ದ ಮಾತು. ಈಗ ಫೋಟೋದಲ್ಲಿ ಯಾರೋ ಆಕೆಯ ಹೆಸರಿನಲ್ಲಿ ಹಲ್ಲು ಬಿಟ್ಟು ಆ ಮಾತನ್ನು ಅಳಿಸಿಬಿಟ್ಟಿದ್ದರು.

ಆ ಯಾರೋ ಎಂಬುದು 'ಕೂಡುಮನೆ' ಎಂಬ ತಂತ್ರಾಂಶ. ಅದು ಬಂದಮೇಲೆ ಜನ ಫೋಟೋಗಳನ್ನು ತಮ್ಮ ತಮ್ಮ ಫೋನಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದರು. ಒಂದು ಬಳಗಕ್ಕೆ ಒಂದೇ ಆಲ್ಬಮ್. ಯಾರು ತೆಗೆದರೂ ಅದರೊಳಗೇ ಹೋಗಿ ಬೀಳಬೇಕು. ಯಂತ್ರ ಅದನ್ನು ತೊಳೆದು ಬಳಿದು, ಮುಚ್ಚಿದ ಕಣ್ಣು ತೆರೆಸಿ, ಹಿಂದೆ ಹಾದುಹೋದ ನಾಯಿಯನ್ನು ಅಳಿಸಿ, ಇಂಥವರ ಮದುವೆ ಇಂಥವರ ಬಸುರಿನ ಕುಬುಸ ಎಂದು ಜೋಡಿಸಿ, ಆಮೇಲೆ ಎಲ್ಲರಿಗೂ ತೋರಿಸುತ್ತಿತ್ತು. ತೊಳೆಯುವ ಮೊದಲಿನ ಚಿತ್ರವನ್ನು ತೆಗೆದವರೂ ನೋಡುತ್ತಿರಲಿಲ್ಲ. ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಮನೆಗೆ ಹೋಗಿ ಚನ್ನಬಸವ್ವ ಮದುವೆಯ ಆಲ್ಬಮ್ ಪೂರ್ತಿ ತೆಗೆದು ನೋಡಿದಳು. ತಾಳಿ ಕಟ್ಟುವಾಗ ಆಕೆ ಅಕ್ಷತೆ ಹಾಕುತ್ತಿದ್ದಳು. ಅಕ್ಷತೆ ಕೊಟ್ಟು ಕರೆಯದವರ ಮದುವೆಯಲ್ಲಿ ಅಕ್ಷತೆ! ಇನ್ನೊಂದರಲ್ಲಿ ತಮ್ಮನ ಹೆಂಡತಿ ದಾನಮ್ಮನ ಹೆಗಲ ಮೇಲೆ ಕೈಯಿಟ್ಟಿದ್ದಳು. ಊಟದ ಪಂಕ್ತಿಯ ಫೋಟೋದಲ್ಲಿ ಆಕೆಯ ಗಂಡ ಗುರುಶಿದ್ದಪ್ಪ ಕೂಡ ಎಲೆಯ ಮೇಲೆ ಬಾಗಿ ಕುಳಿತಿದ್ದ.

"ನೋಡ್ರಿ ಇಲ್ಲಿ! ನಿಮ್ಮನ್ನೂ ಹಾಕೇತಿ. ಅವತ್ತ ನೀವು ಗಿರಣಿ ಬೆಲ್ಟ್ ತರಾಕ ನವಲಗುಂದಕ್ಕ ಹೋಗಿದ್ರಿ. ಇಲ್ಲಿ ನೋಡಿದ್ರ ಹೋಳಿಗಿ ತಿನ್ನಾಕತ್ತೀರಿ."

ಗುರುಶಿದ್ದಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಹೌದ ನೋಡ. ಎಂಥಾ ಸುಳ್ಳ ಯಂತ್ರ ಇದು," ಎಂದು ಎದ್ದು ಹೊರಗೆ ಹೋದ.

ತೆಗೆಯುವ ಉಪಾಯವೂ ಅದರಲ್ಲೇ ಇತ್ತು. ಚನ್ನಬಸವ್ವ ತನ್ನ ಮುಖದ ಮೇಲೆ ಬೆರಳೊತ್ತಿ 'ತೆಗೆ' ಎಂದಳು. ತೆಗೆಯಿತು. ಮರುದಿನ ನೋಡಿದರೆ ಆಕೆ ಮತ್ತೆ ಅಲ್ಲೇ ನಿಂತಿದ್ದಳು, ಈ ಸಲ ಕೆಂಪು ಸೀರೆಯಲ್ಲಿ, ಮುಡಿತುಂಬ ಮಲ್ಲಿಗೆ ಮುಡಿದು. ಮತ್ತೆ ತೆಗೆದಳು. ಯಂತ್ರ ಆಕೆಗೆ ಮುಖ ಸರಿಬಂದಿಲ್ಲವೆಂದು ತಿಳಿದಿರಬೇಕು. ಮುಂದಿನ ಸಲ ವಯಸ್ಸು ಇಳಿಸಿ, ಗಲ್ಲ ತುಂಬಿಸಿ, ಮೂಗುತಿ ಹೊಳೆಯಿಸಿ ಮದುಮಗಳಿಗಿಂತ ಒಂದು ಹೆಜ್ಜೆ ಮುಂದಕ್ಕೇ ನಿಲ್ಲಿಸಿತು. ಕಲ್ಲವ್ವನಿಗೆ ಅದೊಂದು ದಿನನಿತ್ಯದ ಆಟವಾಯಿತು. ಗಿರಣಿಗೆ ಬಂದವಳೇ, "ಇವತ್ತ ಯಾವ ಸೀರಿ ಉಟ್ಟಿ ಚನ್ನಬಸಕ್ಕ?" ಎನ್ನುವಳು.

ಸಾಕ್ಷಿ ಹೇಳುವವರೂ ಸಿಗಲಿಲ್ಲ. ಆಕೆಯನ್ನು ಗಿರಣಿಯಲ್ಲಿ ಕಂಡವರು ಮದುವೆಗೆ ಹೋಗಿರಲಿಲ್ಲ, ಮದುವೆಗೆ ಹೋದವರು ಗಿರಣಿಗೆ ಬಂದಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮದುವೆಗೆ ಹೋದವರೆಲ್ಲ ಆಕೆಯನ್ನು ಅಲ್ಲಿ ಕಂಡಿದ್ದರು. ಒಬ್ಬಳು ಆರತಿಯ ಹಾಡಿನಲ್ಲಿ ಆಕೆ ಒಂದು ನುಡಿ ಮರೆತದ್ದನ್ನೂ ನೆನಪಿಸಿಕೊಂಡಳು. ಕಡೆಗೆ ವಿರೂಪಾಕ್ಷಪ್ಪನೇ ಫೋನು ಮಾಡಿ, "ಅಕ್ಕಾ, ಮದವಿಗೆ ಬಂದಾಗ ಗದ್ದಲದಾಗ ನಿನ್ನ ಮಾತಾಡ್ಸಾಕ ಆಗಲಿಲ್ಲ. ಬೇಜಾರಾಗಬ್ಯಾಡ," ಎಂದ.

ಚನ್ನಬಸವ್ವ ಫೋನು ಕೆಳಗಿಟ್ಟು, ಸೀರೆ ಬದಲಿಸಿ, ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಕೂಡುಮನೆಯ ಕಚೇರಿ ಹುಬ್ಬಳ್ಳಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯಗಲ ಪರದೆ, ಅದರ ಮೇಲೆ ಜಿಲ್ಲೆಯ ಆಲ್ಬಮ್‌ಗಳಲ್ಲಿ ನೂರಕ್ಕೆ ಎಷ್ಟು ಚಿತ್ರ ಖಾಲಿ ಜಾಗವಿಲ್ಲದೆ ತುಂಬಿವೆ ಎಂಬ ಹಸಿರು ಅಂಕಿ. ಆ ಅಂಕಿಯ ಕೆಳಗೇ ಮೇಲಧಿಕಾರಿ ದೇಸಾಯಿಯವರ ಮೇಜು. ದೂರು ಕೇಳುವ ಕೆಲಸ ನಸೀಮಾ ನದಾಫ್ ಎಂಬ ಎಂಜಿನಿಯರ್ ಪಾಲಿಗೆ ಬಂದಿತ್ತು. ಮುಖ ತುಂಬುವ ಭಾಗವನ್ನು ಬರೆದ ತಂಡದಲ್ಲಿ ಆಕೆಯೂ ಇದ್ದಳು.

"ಅಮ್ಮಾರ, ಫೋಟೋದಾಗ ಕಣ್ಣ ಮುಚ್ಚೀರೇನ್ರಿ? ದಪ್ಪ ಕಾಣ್ತೀರೇನ್ರಿ?" ಎಂದು ನಸೀಮಾ ರೂಢಿಯಂತೆ ಕೇಳಿದಳು.

"ಚಂದ ಕಾಣಾಕತ್ತೀನಿ ಯವ್ವಾ. ಅದ ತ್ರಾಸ. ನಾ ಅಲ್ಲಿ ಹೋಗೇ ಇಲ್ಲ."

ನಸೀಮಾ ಆಲ್ಬಮ್ ತೆಗೆದು ನೋಡಿ, ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡು ತಿಳಿಸಿ ಹೇಳಿದಳು. ಎಲ್ಲ ಮನೆಯಲ್ಲೂ ಫೋಟೋ ತೆಗೆಯುವವರು ಒಬ್ಬರಿರುತ್ತಾರೆ, ಪಾಪ, ಅವರು ಯಾವ ಫೋಟೋದಲ್ಲೂ ಇರುವುದಿಲ್ಲ. ಅವರಿಗಾಗಿಯೇ ಈ ಭಾಗವನ್ನು ಮಾಡಿದ್ದು. ಬಳಗದ ಹಳೆಯ ಫೋಟೋಗಳನ್ನೆಲ್ಲ ನೋಡಿ ಯಾರು ಯಾರ ಪಕ್ಕ ನಿಲ್ಲುತ್ತಾರೆಂದು ಯಂತ್ರ ಕಲಿಯುತ್ತದೆ. ಹೊಸ ಫೋಟೋದಲ್ಲಿ ನಿಲ್ಲಬೇಕಾದವರು ಇಲ್ಲದೆ ಜಾಗ ಖಾಲಿ ಕಂಡರೆ, ಓಹೋ ಇವರೇ ಫೋನು ಹಿಡಿದವರು ಎಂದು ತಿಳಿದು ತಂದು ನಿಲ್ಲಿಸುತ್ತದೆ.

"ಜನಾ ಬರದೇ ಇರಾಕ ಯಂತ್ರಕ್ಕ ಗೊತ್ತಿರೋದು ಅದೊಂದ ಕಾರಣ್ರಿ ಅಮ್ಮಾರ."

"ಅಂದ್ರ ನಾ ಫೋಟೋ ತಗ್ಯಾಕಿ ಅಂತ ತಿಳೀತು?"

"ಹೂನ್ರಿ."

"ನೀ ಹೇಳು ತಂಗಿ. ಮದವಿಗೆ ನೆಟ್ಟಗ ಕರೀದವರ ಫೋಟೋ ನಾ ಯಾಕ ತಗೀಲಿ?"

ನಸೀಮಾಗೆ ನಗು ಬಂತು. ತಡೆದುಕೊಂಡು, ತೊಳೆಯುವ ಮೊದಲಿನ ಚಿತ್ರವನ್ನು ಪರದೆಯ ಮೇಲೆ ತಂದಳು. ಮದುಮಗಳ ಕಣ್ಣು ಅರ್ಧ ಮುಚ್ಚಿತ್ತು. ಹಿಂದೆ ಯಾರೋ ಬಾಳೆಹಣ್ಣು ತಿನ್ನುತ್ತಿದ್ದ. ಮದುಮಗಳಿಗೂ ಮಂಟಪದ ಕಂಬಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಆ ಕಡೆ ದಾನಮ್ಮ, ಮತ್ತಾರೋ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಇರುಕಿಕೊಂಡಿದ್ದರು. ಆ ಜಾಗಕ್ಕೆ ಮಾತ್ರ ಯಾರೂ ಕಾಲಿಟ್ಟಿರಲಿಲ್ಲ.

ಚನ್ನಬಸವ್ವ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು.

"ಜಾಗಾ ಬಿಟ್ಟಾರ," ಎಂದಳು.

"ಬಿಟ್ಟಾರ್ರಿ."

"ನನಗ ಈ ಫೋಟೋನ ಬೇಕು. ನನಗೊಬ್ಬಾಕಿಗೇ ಅಲ್ಲ, ನನ್ನ ತಮ್ಮನ ಫೋನಿನಾಗೂ ಇದ ಕಾಣಬೇಕು. ಆ ಜಾಗಾ ಅಂವಾ ಕಣ್ಣಾರೆ ನೋಡಬೇಕು."

ಅಲ್ಲೇ ತೊಡಕಿತ್ತು. ಆಲ್ಬಮ್ ವಿರೂಪಾಕ್ಷಪ್ಪನದು. ಅದರಲ್ಲಿ ತುಂಬುವುದು ಬಿಡುವುದು ಆತನ ಮರ್ಜಿ. ಆತನಿಗೋ ಏನೂ ಕೊರತೆ ಕಂಡಿರಲಿಲ್ಲ. "ಫೋಟೋ ಅವರದು ಖರೆ, ಮಾರಿ ಇವರದಲ್ರಿ ಸರ್," ಎಂದು ನಸೀಮಾ ಎದ್ದು ದೇಸಾಯಿಯವರ ಮೇಜಿಗೆ ಹೋದಳು. "ಯಾರನ್ನ ಹಾಕ್ತೀವಿ, ಅವರನ್ನೊಮ್ಮೆ ಕೇಳಿ ಹಾಕೋಣ್ರಿ. ಒಲ್ಲೆ ಅಂದ್ರ ಯಾಕಂತ ಕೇಳಿ ಆಲ್ಬಮ್ಮಿನವರಿಗೆ ತಿಳಸೋಣು. ಯಂತ್ರಕ್ಕೂ ನಾಕ ಕಾರಣ ಗೊತ್ತಾಗ್ತಾವು."

ದೇಸಾಯಿಯವರು ಹಸಿರು ಅಂಕಿಯ ಕಡೆ ನೋಡಿದರು. "ಕೇಳಿದ್ರ ಹತ್ತ ಮಂದಿ ಒಲ್ಲೆ ಅಂತಾರ. ಹತ್ತ ಮಂದಿಗೋಸ್ಕರ ಇದೆಲ್ಲಾ ಬೇಕೇನು? ಜನಕ್ಕ ತುಂಬಿದ ಫೋಟೋ ಬೇಕು, ಅಮ್ಮಾರ. ಮನಿ ತುಂಬ ಮಂದಿ ಕಂಡ್ರ ಯಾರ್ಗೆ ಬ್ಯಾಡ?"

"ನನಗೂ ಬೇಕ್ರಿ," ಎಂದಳು ಚನ್ನಬಸವ್ವ. "ಕರದ್ರ ಬರ್ತಿದ್ದೆ."

ದೇಸಾಯಿಯವರು ಒಂದೇ ತಾಲ್ಲೂಕಿಗೆ, ಒಂದೇ ವಾರದ ಮಟ್ಟಿಗೆ ಎಂದು ಒಪ್ಪಿದರು.

ಸೋಮವಾರ ಬೆಳಿಗ್ಗೆ ತಾಲ್ಲೂಕಿನ ಫೋನುಗಳಿಗೆಲ್ಲ ಕೂಡುಮನೆಯಿಂದ ಒಂದು ಪ್ರಶ್ನೆ ಹೋಯಿತು: "ಈ ಚಿತ್ರಗಳಲ್ಲಿ ನಿಮ್ಮನ್ನು ನಾವು ಸೇರಿಸಿದ್ದೇವೆ. ಇರಲೇ, ತೆಗೆಯಲೇ? ತೆಗೆಯುವುದಾದರೆ ಕಾರಣ ತಿಳಿಸಿ." ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆಯ ಮೇಲಿನ ಹಸಿರು ಅಂಕಿ ಹಳದಿಯಾಗಿ, ಚಹದ ಹೊತ್ತಿಗೆ ಕೆಂಪಾಯಿತು. ದೇಸಾಯಿಯವರು ಅದರ ಕೆಳಗಿನಿಂದ ಮೇಜು ಸರಿಸಿಕೊಂಡರು.

ಹತ್ತು ಮಂದಿಯಲ್ಲ, ತಾಲ್ಲೂಕಿಗೆ ತಾಲ್ಲೂಕೇ ಬಾಯಿ ಬಿಟ್ಟಿತ್ತು. ನಸೀಮಾ ಒಂದೊಂದನ್ನೇ ಗಟ್ಟಿಯಾಗಿ ಓದಿದಳು. "ಕರೆದಿದ್ದರು, ಆದರೆ ಬಸ್ ಸ್ಟ್ಯಾಂಡಿನಲ್ಲಿ ಕರೆದರು." "ಅವಳು ಬರುತ್ತಾಳೆಂದು ನಾನು ಹೋಗಲಿಲ್ಲ. ಫೋಟೋದಲ್ಲಿ ನಮ್ಮಿಬ್ಬರನ್ನೂ ಒಂದೇ ಸೋಫಾದ ಮೇಲೆ ಕೂಡಿಸಿದ್ದೀರಿ, ನಿಮಗೆ ಒಳ್ಳೆಯದಾಗುವುದಿಲ್ಲ." "ನನ್ನ ಹೆಂಡತಿಯನ್ನು ಕರೆದು ನನ್ನನ್ನು ಮರೆತರು." "ಹೋದ ವರ್ಷ ಅವರ ಎಮ್ಮೆ ನಮ್ಮ ಹೊಲ ಮೇಯ್ದದ್ದು ಎಲ್ಲರಿಗೂ ಗೊತ್ತಿದೆ." ಒಬ್ಬ ತನ್ನ ಮದುವೆಯ ಎಲ್ಲ ಫೋಟೋಗಳಿಂದಲೂ ತನ್ನನ್ನು ತೆಗೆಯಲು ಕೇಳಿದ್ದ, ಆತನೇ ಮದುಮಗ. "ಇಂವನ್ನ ನಾವು ಸೇರಿಸಿದ್ದಲ್ರಿ, ಇಂವಾ ತಾನ ಹೋಗಿ ನಿಂತಿದ್ದ," ಎಂದು ನಸೀಮಾ ಆ ಅರ್ಜಿಯನ್ನು ಬದಿಗಿಟ್ಟಳು.

"ಇಷ್ಟ ಮಂದಿ ಒಬ್ಬರ ಮ್ಯಾಲ ಒಬ್ಬರು ಮುನಸ್ಕೊಂಡಾರ?" ದೇಸಾಯಿಯವರು ಹಣೆ ಒತ್ತಿಕೊಂಡರು.

"ಮೊದಲಿಂದಾನೂ ಹಿಂಗ ಐತ್ರಿ ಸರ್. ನಾವು ಮ್ಯಾಲ ಬಣ್ಣಾ ಬಳದಿದ್ವಿ."

ಹುಣಸಿಹಾಳದಲ್ಲಿ ಚನ್ನಬಸವ್ವ 'ತೆಗೆ' ಎಂದು ಒತ್ತಿ, ಕಾರಣ ಕೇಳಿದ ಕಡೆ ಬಾಯಿಂದಲೇ ಹೇಳಿದಳು: "ನನ್ನ ತಮ್ಮ ಮನಿಗೆ ಬಂದು ಅಕ್ಷತಿ ಕೊಟ್ಟು ಕರೀಲಿಲ್ಲ." ಸ್ವಲ್ಪ ಹೊತ್ತಿನಲ್ಲಿ ಹಸಿರು ಸೀರೆ, ಕೆಂಪು ಸೀರೆ, ಮೂಗುತಿ, ನಗು ಎಲ್ಲ ಇಳಿದುಹೋದವು. ಆಕೆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದಳು. ತಾನು ಎಲ್ಲೂ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ಆಕೆಗೆ ಎದೆ ಹಗುರಾಯಿತು.

ಊಟದ ಪಂಕ್ತಿಯ ಫೋಟೋ ಬಂತು. ಅಲ್ಲಿ ಗುರುಶಿದ್ದಪ್ಪ ಇನ್ನೂ ಇದ್ದ. ಎಲೆಯ ಮೇಲೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಆತನ ಮುಖದ ಮೇಲೆ ಬೆರಳೊತ್ತಿದರೆ, "ಇವರನ್ನು ನಾವು ಸೇರಿಸಿಲ್ಲ" ಎಂದು ಬಂತು.

"ಏನ್ರೀ," ಎಂದು ಆಕೆ ಗಿರಣಿಯೊಳಗೆ ಹೋಗಿ ಮೋಟಾರು ನಿಲ್ಲಿಸಿದಳು. "ಸುಳ್ಳಿನವರೆಲ್ಲ ಹೋದ್ರು. ನೀವಿನ್ನೂ ಕುಂತೀರಲ್ಲ?"

ಗುರುಶಿದ್ದಪ್ಪ ಹಿಟ್ಟು ಮೆತ್ತಿದ ರೆಪ್ಪೆ ಬಡಿದ. "ಬೆಲ್ಟ್ ಅಂಗಡಿ ಬಂದ್ ಇತ್ತು," ಎಂದ. "ಹಾದ್ಯಾಗ ಅವರ ಊರ ಬಂತು."

"ನವಲಗುಂದದ ಹಾದ್ಯಾಗ ನೀರಲಕಟ್ಟಿ ಬರ್ತೈತಿ?"

"ಅವತ್ತ ಬಂತು."

ಆಕೆ ಬೈಯಬೇಕೆಂದು ಬಾಯಿ ತೆರೆದವಳು, "ಹೋಳಿಗಿ ಹೆಂಗಿತ್ತು?" ಎಂದು ಕೇಳಿದಳು.

"ಬೆಲ್ಲಾ ಕಮ್ಮಿ."

"ನಾ ಮೊದಲ ಅಂದಿದ್ದೆ," ಎಂದು ಆಕೆ ಮೋಟಾರು ಮತ್ತೆ ಚಾಲೂ ಮಾಡಿದಳು.

ನೀರಲಕಟ್ಟಿಯಲ್ಲಿ ವಿರೂಪಾಕ್ಷಪ್ಪನ ಮನೆಯಲ್ಲಿ ಅದೇ ಹೊತ್ತಿಗೆ ಬೀಗರು ಬಂದಿದ್ದರು. ಸಿಂಚನಾಳ ಅತ್ತೆ ಆಲ್ಬಮ್ಮನ್ನು ಗೋಡೆಯ ಟಿ.ವಿ.ಯಲ್ಲಿ ನೋಡುತ್ತಿದ್ದವಳು, "ಇದೇನು, ಇಲ್ಲಿ ನಿಂತಿದ್ದ ಹೆಣ್ಮಗಳು ಎಲ್ಲಿ ಹೋದ್ರು?" ಎಂದಳು. ವಿರೂಪಾಕ್ಷಪ್ಪ ತಿರುಗಿ ನೋಡಿದ. ಮಗಳ ಬಲಕ್ಕೆ ಕಂಬದವರೆಗೂ ಬರಿದಾದ ನೆಲ. ನೆಲದ ಮೇಲೆ ಯಾರೂ ತುಳಿಯದ ರಂಗೋಲಿ. ಕೆಳಗೆ ಕೂಡುಮನೆ ಅಚ್ಚ ಅಕ್ಷರದಲ್ಲಿ ಬರೆದಿತ್ತು: ನನ್ನ ತಮ್ಮ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯಲಿಲ್ಲ. ಬೀಗರೂ ಓದಿದರು. ವಿರೂಪಾಕ್ಷಪ್ಪನಿಗೆ ಮದುವೆಯ ದಿನದ ಒಂದು ಸಂಗತಿ ನೆನಪಾಯಿತು. ಆರತಿಯ ಹೊತ್ತಿಗೆ ಪುರೋಹಿತರು ಸೋದರತ್ತೆ ಎಲ್ಲಿ ಎಂದು ಕೂಗಿದ್ದರು. ಆತ ಅಡುಗೆಯವರ ಕಡೆ ಓಡುತ್ತ, "ಇಲ್ಲೇ ಎಲ್ಲೋ ಅದಾಳ," ಎಂದಿದ್ದ.

ಮರುದಿನವೇ ಗಂಡ ಹೆಂಡತಿ ಹುಣಸಿಹಾಳಕ್ಕೆ ಬಂದರು. ಗಿರಣಿಯ ಕಡೆ ಹೋಗದೆ ನೇರ ಮನೆಯ ಹೊಸ್ತಿಲ ಮುಂದೆ ನಿಂತರು. ದಾನಮ್ಮನ ಕೈಯಲ್ಲಿ ತಟ್ಟೆಯಿತ್ತು.

"ಬರ್ರಿ," ಎಂದಳು ಚನ್ನಬಸವ್ವ. ಚಾಪೆ ಹಾಸಿದಳು, ನೀರು ಕೊಟ್ಟಳು, ಬಂದದ್ದೇಕೆಂದು ಕೇಳಲಿಲ್ಲ. ಕಲ್ಲವ್ವ ಎಲ್ಲಿಂದಲೋ ಸುಳಿವು ಹಿಡಿದು ಬಾಗಿಲಿಗೆ ಬಂದು ಒರಗಿ ನಿಂತಳು.

ವಿರೂಪಾಕ್ಷಪ್ಪ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಸಿಂಚನಾನ ಮದವಿ ಐತಿ."

"ಐತಿ?" ಕಲ್ಲವ್ವ ಬಾಗಿಲಿನಿಂದಲೇ ಕೇಳಿದಳು. "ಆ ಹುಡಿಗಿ ಎರಡ ತಿಂಗಳಿಂದ ಗಂಡನ ಮನ್ಯಾಗ ಅದಾಳಲ್ಲೋ."

"ನೀ ಸುಮ್ನಿರು ಕಲ್ಲವ್ವ," ಎಂದಳು ಚನ್ನಬಸವ್ವ. "ಹೇಳ ಇರಪಾಕ್ಷಿ."

"ಮದವಿ ಐತಿ. ನೀ ಮುಂದ ನಿಂತು ಮಾಡಿಸ್ಕೊಡಬೇಕು." ದಾನಮ್ಮ ಎದ್ದು, "ಅಕ್ಕಾರ, ಬರ್ರಿ," ಎಂದು ಕುಂಕುಮ ಹಚ್ಚಿ, ಖಣವಿಟ್ಟು, ಚನ್ನಬಸವ್ವನ ಎರಡೂ ಅಂಗೈ ಕೂಡಿಸಿ ಅಕ್ಷತೆ ಸುರಿದಳು. ಈ ಸಲ ಕಾಳು ಮಾಯವಾಗಲಿಲ್ಲ. ಚನ್ನಬಸವ್ವ ಬೆರಳು ಮಡಚಿ ಅವನ್ನು ಹಾಗೇ ಹಿಡಿದುಕೊಂಡಳು.

"ಹಂಗಾರ ಹೂಂ ಅಂತ ಒತ್ತು ಅಕ್ಕಾ," ವಿರೂಪಾಕ್ಷಪ್ಪ ಹಗುರಾಗಿ ಫೋನು ಮುಂದೆ ಹಿಡಿದ. ಪರದೆಯ ಮೇಲೆ ಕೂಡುಮನೆ ಕೇಳುತ್ತಿತ್ತು: ಈ ಚಿತ್ರದಲ್ಲಿ ನಿಮ್ಮನ್ನು ಸೇರಿಸಲೇ? "ಯಾವ ಸೀರಿ ಬೇಕೋ ಹೇಳು. ನಗಬೇಕಂದ್ರ ನಗ್ತಿ, ಬ್ಯಾಡಂದ್ರ ಇಲ್ಲ. ಆ ಹುಬ್ಬಳ್ಳಿ ಕಚೇರಿ ಹೆಣ್ಮಗಳು ಫೋನಿನಾಗ ಎಲ್ಲಾ ತಿಳಿಸಿ ಹೇಳ್ಯಾಳ."

ಚನ್ನಬಸವ್ವ ಫೋಟೋ ನೋಡಿದಳು, ತಮ್ಮನ ಮುಖ ನೋಡಿದಳು.

"ಒಲ್ಲೆ."

"ಕರದೀವಲ್ಲ ಅಕ್ಕಾ!"

"ಕರದ್ರಿ. ಮನಿ ಮಟ ಬಂದ್ರಿ. ನನ್ನ ಸಿಟ್ಟ ಇಲ್ಲಿಗೆ ಮುಗೀತು." ಆಕೆ ಅಕ್ಷತೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಆದ್ರ ಮದವಿ ಆಗಿ ಹೋಗೇತಿ. ನಾ ಅವತ್ತ ಬಂದಿಲ್ಲ. ಬಂದಿಲ್ಲ ಅಂದಮ್ಯಾಲ ಬಂದಿಲ್ಲ. ಆ ಜಾಗಾ ಹಂಗ ಇರಲಿ, ಅದಕ್ಕ ಯಾರನ್ನೂ ತುಂಬಬ್ಯಾಡ್ರಿ."

"ಬೀಗರು ಕೇಳ್ತಾರಲ್ಲ?"

"ಕೇಳಿದ್ರ ಖರೇ ಹೇಳು. ನಾಳೆ ಹುಡಿಗಿ ಬಸರಾಗಿ ಕುಬಸಾ ಆಗ್ತೈತಲ್ಲ, ಅದಕ್ಕ ಹೇಳಾಕ ಮತ್ತ ಇಬ್ಬರೂ ಬರ್ರಿ. ಆಗ ಸ್ವಂತ ಸೀರಿ ಉಟ್ಕೊಂಡು ಬರ್ತೀನಿ. ಹೋಳಿಗಿಗೆ ಬೆಲ್ಲಾ ನಾನ ಹಾಕ್ತೀನಿ. ಈಗ ಕುಂದರ್ರಿ, ಉಂಡು ಹೋಗೀರಂತ."

ಅವರು ಉಂಡು ಹೋದರು. ಬಾಗಿಲಲ್ಲಿ ನಿಂತ ಕಲ್ಲವ್ವನೂ ಉಂಡಳು.

ಮುಂದಿನ ವಾರ ಚನ್ನಬಸವ್ವ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಗೋಡೆಗೆ ಹೊಡೆಸಿದಳು. ಮನೆಗೆ ಬಂದವರು ಚಹ ಆಗುವವರೆಗೆ ಅದನ್ನು ನೋಡುತ್ತ ಕೂಡುತ್ತಾರೆ. ಮದುಮಗಳನ್ನು ಗುರುತಿಸುತ್ತಾರೆ, ದಾನಮ್ಮನನ್ನು ಗುರುತಿಸುತ್ತಾರೆ, ಆಮೇಲೆ ಮುಂದಕ್ಕೆ ಬಾಗಿ ಹುಡುಕುತ್ತಾರೆ.

"ಇದರಾಗ ನೀವೆಲ್ಲಿ ಅದೀರಿ?"

ಚನ್ನಬಸವ್ವ ಕೆಲಸ ಬಿಟ್ಟು ಎದ್ದು ಬರುತ್ತಾಳೆ. ಮದುಮಗಳಿಗೂ ಕಂಬಕ್ಕೂ ನಡುವಿನ ಖಾಲಿ ಜಾಗದ ಮೇಲೆ ಬೆರಳಿಡುತ್ತಾಳೆ.

"ಇಲ್ಲಿ ಅದೀನಿ ನೋಡ್ರಿ," ಎನ್ನುತ್ತಾಳೆ.